ವೀರನಿಗೊಬ್ಬ ದ್ರೋಹಿ ಬೇಕೇ?

ನಮ್ಮ ಬೈಲಹೊಂಗಲ, ಕಿತ್ತೂರು ಸೀಮೆಯಲ್ಲಿ ಒಬ್ಬನನ್ನು ಮತ್ತೆ ತಲೆ ಎತ್ತದ ಹಾಗೆ ಬೈಯಬೇಕೆಂದರೆ ಅವನ ತಂದೆ-ತಾಯಿಯ ತನಕ ಹೋಗಬೇಕಾಗಿಲ್ಲ. 'ಮಲ್ಲಪ್ಪಶೆಟ್ಟಿ' ಎಂದರೆ ಸಾಕು. ಪಂಚಾಯ್ತಿ ಚುನಾವಣೆಯಲ್ಲಿ ರಾತ್ರೋರಾತ್ರಿ ಪಾರ್ಟಿ ಬದಲಿಸಿದವನಿಗೂ, ಪಾಲುದಾರಿಕೆಯಲ್ಲಿ ಕೈಕೊಟ್ಟ ಅಡತಿ ವ್ಯಾಪಾರಿಗೂ, ಅಣ್ಣ-ತಮ್ಮಂದಿರ ಹೊಲದ ಜಗಳದಲ್ಲಿ ಎದುರು ಕಡೆಗೆ ಸಾಕ್ಷಿ ಹೇಳಿದವನಿಗೂ ಇದೇ ಹೆಸರು. ನಮ್ಮ ಮುಸ್ಲಿಂ ಮನೆಗಳಲ್ಲಿ ಇದೇ ಕೆಲಸಕ್ಕೆ ಇನ್ನೊಂದು ಹೆಸರಿದೆ: 'ಮೀರ್ ಸಾದಿಕ್'. ಉರ್ದು ಶಾಲೆಯಲ್ಲಿ ನಾವು 'ಗದ್ದಾರ್' ಎಂಬ ಪದ ಕಲಿತದ್ದು ಈ ಹೆಸರಿನ ಜೊತೆಗೇ. ಕನ್ನಡ ಶಾಲೆಗೆ ಬಂದಾಗ ನಾಡದ್ರೋಹಿ ಎಂಬ ಪದಕ್ಕೆ ಮಲ್ಲಪ್ಪಶೆಟ್ಟಿ ಸಿದ್ಧವಾಗಿ ನಿಂತಿದ್ದ. ನಮಕ್‌ಹರಾಮ್ ಎಂದರೂ ಅದೇ ಉಪ್ಪು, ಉಪ್ಪುಂಡ ಮನೆಗೆ ಎರಡು ಬಗೆದವನು ಎಂದರೂ ಅದೇ ಉಪ್ಪು.

ಕಥೆ ಬರೆಯುವವನಾದ ನನಗೆ ಬಹಳ ದಿನಗಳಿಂದ ಒಂದು ಅನುಮಾನ. ಚೆನ್ನಮ್ಮನ ಕಥೆ ಹೇಳಹೊರಟ ಯಾವ ಲಾವಣಿಕಾರನೂ, ನಾಟಕದ ಕಂಪನಿಯೂ, ಸಿನಿಮಾದವರೂ ಈ ಮಲ್ಲಪ್ಪಶೆಟ್ಟಿಯನ್ನು ಬಿಟ್ಟು ಮುಂದೆ ಹೋಗಲಾರರು. ರಾಯಣ್ಣನ ಕಥೆಗೆ ಅವನನ್ನು ಹಿಡಿದುಕೊಟ್ಟ ಗೌಡರು ಬೇಕು. ಟಿಪ್ಪುವಿನ ಕಥೆಗೆ ಮೀರ್ ಸಾದಿಕ್ ಬೇಕು. ವೀರನ ಪಕ್ಕದಲ್ಲಿ ದ್ರೋಹಿಯೊಬ್ಬನನ್ನು ನಿಲ್ಲಿಸದೆ ವೀರನನ್ನು ನೋಡಲು ನಮಗೆ ಬರುವುದಿಲ್ಲವೇ? ಹಾಗೆ ನಿಲ್ಲಿಸುವಾಗ ನಾವು ಮಾಡುತ್ತಿರುವುದು ನ್ಯಾಯವೇ?

ಮೊದಲು ನಮ್ಮೂರಿನ ಸಂಗತಿಯನ್ನೇ ನೋಡೋಣ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಕಾಳಗ ನಡೆದು ಥ್ಯಾಕರೆ ಸತ್ತ. ಅವನಿಗೆ ಗುಂಡು ಹೊಡೆದವನು ಅಮಟೂರ ಬಾಳಪ್ಪ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಡಿಸೆಂಬರ್ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ದಂಡು ಬಂದು ಕೋಟೆ ಬಿತ್ತು. ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿಟ್ಟರು. 1829ರ ಫೆಬ್ರವರಿಯಲ್ಲಿ ಅವಳು ಇಲ್ಲಿಯೇ ತೀರಿಕೊಂಡಳು, ಸಮಾಧಿಯೂ ಇಲ್ಲಿಯೇ ಇದೆ.

ಅಕ್ಟೋಬರಿನಲ್ಲಿ ಗೆದ್ದವರು ಡಿಸೆಂಬರಿನಲ್ಲಿ ಸೋತದ್ದು ಹೇಗೆ? ಜನ ಕೊಡುವ ಉತ್ತರ ಒಂದೇ. ಮದ್ದಿನಲ್ಲಿ ಸಗಣಿ ಬೆರೆಸಿದರು, ತೋಪು ಹಾರಲಿಲ್ಲ. ಬೆರೆಸಿದವರು ಮಲ್ಲಪ್ಪಶೆಟ್ಟಿ, ವೆಂಕಟರಾಯ. ಈ ಮಾತು ನಡೆದಿರಲಿಕ್ಕೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಎದುರಿಗೆ ಬಂದವರು ಯಾರು ಎಂಬುದನ್ನೂ ನೋಡಬೇಕಲ್ಲ? 1799ರಲ್ಲಿ ಮೈಸೂರನ್ನು, 1818ರಲ್ಲಿ ಪೇಶ್ವೆಯನ್ನು ಮುಗಿಸಿದ ಕಂಪನಿ ಅದು. ಮೊದಲ ಸಲ ಬಂದದ್ದು ಕಲೆಕ್ಟರನ ಸಣ್ಣ ತುಕಡಿ, ಎರಡನೆಯ ಸಲ ಬಂದದ್ದು ಹಲವು ದಂಡಿನ ನೆಲೆಗಳಿಂದ ಕರೆಸಿದ ಸೈನ್ಯ, ಮುತ್ತಿಗೆಯ ತೋಪುಗಳು. ಮದ್ದಿನಲ್ಲಿ ಒಂದು ಚಿಟಿಕೆ ಸಗಣಿ ಇರದೇ ಹೋಗಿದ್ದರೂ ಕಿತ್ತೂರು ಎಷ್ಟು ದಿನ ನಿಲ್ಲುತ್ತಿತ್ತು? ಈ ಪ್ರಶ್ನೆ ಕೇಳಿದರೆ ನಮ್ಮವರ ಮುಖ ಸಣ್ಣದಾಗುತ್ತದೆ. ಸೋಲು ಶತ್ರುವಿನ ಬಲದಿಂದ ಬಂತು ಎನ್ನುವುದಕ್ಕಿಂತ ಮನೆಯವನ ಮೋಸದಿಂದ ಬಂತು ಎನ್ನುವುದು ನಮಗೆ ಹಿತ. ಅದರಲ್ಲಿ 'ನಾವು ನಿಜವಾಗಿ ಸೋಲಲಿಲ್ಲ' ಎಂಬ ಸಮಾಧಾನ ಇದೆ. ಆ ಸಮಾಧಾನದ ಬೆಲೆಯನ್ನು ಮಾತ್ರ ಇನ್ನೊಬ್ಬ ಕೊಡಬೇಕು.

ಇನ್ನೊಂದು ತೊಡಕೂ ಇದೆ. ಟಿಪ್ಪುವಿನ ಕಾಲದಲ್ಲಿ ಮೈಸೂರಿನವರು ಕಿತ್ತೂರನ್ನು ಹಿಡಿದು ಮಲ್ಲಸರ್ಜನನ್ನು ಸೆರೆಯಲ್ಲಿಟ್ಟಿದ್ದರು. ಮುಂದೆ ಪೇಶ್ವೆ ಬಾಜೀರಾಯನೂ ಅವನನ್ನು ಪುಣೆಗೆ ಒಯ್ದು ಕೂಡಿಹಾಕಿದ. ಅಲ್ಲಿಂದ ಬಿಡುಗಡೆಯಾಗಿ ಬಂದವನು 1816ರಲ್ಲಿ ತೀರಿಕೊಂಡ. ಹೀಗಿರುವಾಗ 1818ರಲ್ಲಿ ಕಂಪನಿ ಪೇಶ್ವೆಯ ಮೇಲೆ ಬಂದಾಗ ಕಿತ್ತೂರು ಕಂಪನಿಯ ಕಡೆ ನಿಂತಿತು. ತನಗೆ ಕೇಡು ಮಾಡಿದ ಒಡೆಯನ ವಿರುದ್ಧ ಹೊಸಬನ ಕೈ ಹಿಡಿದದ್ದು ಸಣ್ಣ ಸಂಸ್ಥಾನವೊಂದು ಬದುಕಿ ಉಳಿಯುವ ದಾರಿ. ಯಾರೂ ಅದನ್ನು ದ್ರೋಹ ಎನ್ನುವುದಿಲ್ಲ, ನಾನೂ ಎನ್ನಲಾರೆ. ಆದರೆ ಆರೇ ವರ್ಷಗಳ ನಂತರ ಅದೇ ಕಂಪನಿಯ ಜೊತೆ ಗುಟ್ಟಾಗಿ ಮಾತಾಡಿದ ಕಾರಭಾರಿ ಮಾತ್ರ ಎರಡು ಶತಮಾನಗಳ ಬೈಗುಳವಾದ. ಸಂಸ್ಥಾನ ಮಾಡಿದರೆ ರಾಜನೀತಿ, ನೌಕರ ಮಾಡಿದರೆ ದ್ರೋಹ. ಎರಡಕ್ಕೂ ನಡುವೆ ವ್ಯತ್ಯಾಸ ಇಲ್ಲವೆಂದಲ್ಲ. ಸಂಸ್ಥಾನ ಬಹಿರಂಗವಾಗಿ ನಿಂತಿತು, ನೌಕರ ಅನ್ನ ಕೊಟ್ಟವರಿಗೆ ತಿಳಿಯದ ಹಾಗೆ ನಡೆದುಕೊಂಡ. ಆದರೂ ಆ ವ್ಯತ್ಯಾಸ ನಾವು ಅಂದುಕೊಂಡಷ್ಟು ಅಗಲವಾಗಿಲ್ಲ.

ವೀರರ ಕಥೆಗಳನ್ನು ನಮಗಿಂತ ಹೆಚ್ಚು ಹೇಳಿಕೊಂಡಿರುವ ದೇಶ ಚೀನಾ. ಅಲ್ಲಿ ಹಾಂಗ್‌ಝೌ ಎಂಬ ಊರಿನ ಸರೋವರದ ದಂಡೆಯಲ್ಲಿ ಯುಯೆ ಫೇ ಎಂಬ ಸೇನಾಪತಿಯ ಗೋರಿ ಇದೆ. ಉತ್ತರದಿಂದ ಬಂದ ಜುರ್ಚೆನ್ನರು 1127ರಲ್ಲಿ ರಾಜಧಾನಿಯನ್ನು ಗೆದ್ದು ಸಾಂಗ್ ಮನೆತನದ ಇಬ್ಬರು ದೊರೆಗಳನ್ನು ಸೆರೆ ಒಯ್ದರು. ಕಳೆದುಹೋದ ನಾಡನ್ನು ಮರಳಿ ಗೆಲ್ಲಲು ಹೊರಟವನು ಈ ಯುಯೆ ಫೇ. ಗೆಲ್ಲುತ್ತಿರುವಾಗಲೇ ಅವನನ್ನು ಹಿಂದಕ್ಕೆ ಕರೆಸಿ, ರಾಜದ್ರೋಹದ ಆರೋಪ ಹೊರಿಸಿ, 1142ರಲ್ಲಿ ಸೆರೆಮನೆಯಲ್ಲಿ ಕೊಂದರು. ಪುರಾವೆ ಏನು ಎಂದು ಇನ್ನೊಬ್ಬ ಸೇನಾಪತಿ ಕೇಳಿದಾಗ ಮಂತ್ರಿ ಚಿನ್ ಹುಯಿ 'ಇದ್ದರೂ ಇರಬಹುದು' ಎಂಬರ್ಥದ ಮೂರು ಅಕ್ಷರ ಹೇಳಿದನಂತೆ. ಚೀನೀ ಭಾಷೆಯಲ್ಲಿ ಇಂದಿಗೂ ಸುಳ್ಳು ಆರೋಪಕ್ಕೆ ಆ ಮೂರು ಅಕ್ಷರಗಳೇ ಹೆಸರು.

ಈಗ ಆ ಗೋರಿಯ ಮುಂದೆ ಚಿನ್ ಹುಯಿ, ಅವನ ಹೆಂಡತಿ, ಇನ್ನಿಬ್ಬರು ಸಹಚರರು ಕಬ್ಬಿಣದ ಮೂರ್ತಿಗಳಾಗಿ ಮೊಣಕಾಲೂರಿ ಕೂತಿದ್ದಾರೆ. ನೂರಾರು ವರ್ಷ ಜನ ಆ ಮೂರ್ತಿಗಳ ಮೇಲೆ ಉಗುಳಿದರು, ಕಲ್ಲಿನಿಂದ ಹೊಡೆದರು. ಕೊನೆಗೆ ಸುತ್ತ ಕಟಕಟೆ ಹಾಕಿ ಉಗುಳಬಾರದೆಂದು ಸೂಚನೆ ಬರೆಯಬೇಕಾಯಿತು. ಆದರೆ ಮಂಡಿಯೂರಿದ ಆ ನಾಲ್ವರಲ್ಲಿ ಒಬ್ಬ ಇಲ್ಲ. ಅವನು ಚಕ್ರವರ್ತಿ ಗಾವ್‌ಜೋಂಗ್. ಸಂಧಿ ಬೇಕಾಗಿದ್ದದ್ದು ಅವನಿಗೆ. ಸೆರೆಯಲ್ಲಿದ್ದ ಅಣ್ಣ ಮರಳಿ ಬಂದರೆ ತನ್ನ ಸಿಂಹಾಸನದ ಗತಿ ಏನೆಂಬ ಚಿಂತೆಯೂ ಅವನಿಗಿದ್ದಿರಬೇಕೆಂದು ಚರಿತ್ರೆಕಾರರು ಬರೆಯುತ್ತಾರೆ. ಅವನ ಒಪ್ಪಿಗೆಯಿಲ್ಲದೆ ಅಷ್ಟು ದೊಡ್ಡ ಸೇನಾಪತಿಯ ತಲೆ ಹೋಗುವುದು ಸಾಧ್ಯವೇ ಇರಲಿಲ್ಲ. ಆದರೂ ಉಗುಳು ಮಂತ್ರಿಗೆ. ದೊರೆಯ ಮೂರ್ತಿ ಮಾಡಿಸಿ ಮಂಡಿಯೂರಿಸಲು ಯಾವ ಕಾಲದ ಅಧಿಕಾರಿಗೂ ಧೈರ್ಯ ಬರಲಿಲ್ಲ. ದ್ರೋಹಿಯನ್ನು ಹುಡುಕುವ ಕಣ್ಣು ಯಾವಾಗಲೂ ಸಿಂಹಾಸನದ ಒಂದು ಮೆಟ್ಟಿಲು ಕೆಳಗೇ ನಿಲ್ಲುತ್ತದೆ.

ಕಥೆ ಚರಿತ್ರೆಯನ್ನು ಹೇಗೆ ಬೆಳೆಸುತ್ತದೆ ಎಂಬುದಕ್ಕೂ ಯುಯೆ ಫೇ ಒಳ್ಳೆಯ ನಿದರ್ಶನ. ಅವನ ಬೆನ್ನ ಮೇಲೆ ದೇಶಸೇವೆಯ ನಾಲ್ಕು ಅಕ್ಷರಗಳ ಹಚ್ಚೆ ಇತ್ತೆಂದು ಚರಿತ್ರೆ ಹೇಳುತ್ತದೆ. ಆ ಹಚ್ಚೆಯನ್ನು ತಾಯಿಯೇ ಚುಚ್ಚಿದಳು ಎಂದು ಸೇರಿಸಿದವರು ಮುಂದಿನ ಕಥೆಗಾರರು. ಇಂಥ ಬೆಳವಣಿಗೆಗೆ ನನ್ನ ತಕರಾರಿಲ್ಲ. ನಂದಗಡದಲ್ಲಿ ರಾಯಣ್ಣನ ಸಮಾಧಿಯ ಮೇಲಿನ ಆಲದ ಮರವನ್ನು ಗೆಳೆಯನೊಬ್ಬ ವೇಷ ಮರೆಸಿಕೊಂಡು ಬಂದು ನೆಟ್ಟ ಎಂದು ಜನ ಹೇಳುತ್ತಾರೆ. 1831ರ ಜನವರಿ 26ರಂದು ಗಲ್ಲಿಗೇರಿದವನ ಮೇಲೆ ಒಂದು ನೆರಳಾದರೂ ಇರಲಿ ಎಂಬ ಆಸೆ ಅದು. ಪ್ರೀತಿ ಕಟ್ಟಿದ ಕಥೆಯಿಂದ ಯಾರಿಗೂ ಕೇಡಿಲ್ಲ. ದ್ವೇಷ ಕಟ್ಟಿದ ಕಥೆಗೆ ಮಾತ್ರ ಸಾಕ್ಷಿ ಕೇಳಬೇಕು.

ಇನ್ನು ಮೀರ್ ಸಾದಿಕನ ಮಾತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ದಿನವೇ ಅವನು ಟಿಪ್ಪುವಿನ ಸೈನಿಕರ ಕೈಯಲ್ಲಿ ಸತ್ತ. ಕವಿ ಇಕ್ಬಾಲರು 1932ರಲ್ಲಿ ಪ್ರಕಟಿಸಿದ 'ಜಾವೀದ್ ನಾಮಾ' ಎಂಬ ಫಾರ್ಸಿ ಕಾವ್ಯದಲ್ಲಿ ಬಂಗಾಳದ ಮೀರ್ ಜಾಫರನನ್ನೂ ದಖನ್ನಿನ ಈ ಸಾದಿಕನನ್ನೂ ನರಕವೂ ಒಳಗೆ ಬಿಟ್ಟುಕೊಳ್ಳದ ಆತ್ಮಗಳಾಗಿ ಚಿತ್ರಿಸಿದರು. ಅದಕ್ಕಿಂತ ದೊಡ್ಡ ಶಾಪ ಉರ್ದು-ಫಾರ್ಸಿ ಸಾಹಿತ್ಯದಲ್ಲಿ ಇನ್ನೊಂದಿಲ್ಲ. ಒಂದು ವಿಚಿತ್ರ ನೋಡಿ: ಸಾದಿಕ್ ಎಂದರೆ ಸತ್ಯವಂತ. ಈ ಎರಡು ಹೆಸರುಗಳನ್ನು ಕೂಡಿಸಿದರೆ ಪ್ರವಾದಿಯವರ ವಂಶದ ಪೂಜ್ಯ ಇಮಾಮ್ ಜಾಫರ್ ಸಾದಿಕರ ಹೆಸರಾಗುತ್ತದೆ! ನಮ್ಮ ಓಣಿಗಳಲ್ಲಿ ಸಾದಿಕ್ ಎಂಬ ಹುಡುಗರು ಬೇಕಾದಷ್ಟು ಇದ್ದಾರೆ. ಬೈಲಹೊಂಗಲದ ಸಂತೆಯಲ್ಲಿ ನಿಂತು 'ಏ ಮಲ್ಲಪ್ಪಾ' ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಹೆಸರುಗಳಿಗೆ ಜನ ಕೊಟ್ಟ ಕ್ಷಮೆ ಇದು. ಮನುಷ್ಯರಿಗೆ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ಟಿಪ್ಪುವಿನ ಇನ್ನೊಬ್ಬ ದೊಡ್ಡ ಮಂತ್ರಿ ಪೂರ್ಣಯ್ಯನವರು. ಕೋಟೆ ಬಿದ್ದ ಮೇಲೆ ಅವರು ಹೊಸ ಆಡಳಿತದಲ್ಲಿ ದಿವಾನರಾದರು, 1811ರ ತನಕ ರಾಜ್ಯವನ್ನು ಚೆನ್ನಾಗಿಯೇ ನಡೆಸಿದರು. ಅವರನ್ನೂ ದ್ರೋಹಿಯೆನ್ನಿ ಎಂದು ನಾನು ಹೇಳಲಾರೆ. ನನಗೆ ಬೇಕಾದದ್ದು ಅದರ ತಿರುವು. ಪೂರ್ಣಯ್ಯನವರ ನಡೆಯನ್ನು ಕಾಲದ ಒತ್ತಡ, ರಾಜ್ಯದ ಹಿತ, ಒಬ್ಬ ಆಡಳಿತಗಾರನ ವಿವೇಕ ಎಂದೆಲ್ಲ ತೂಗಿ ನೋಡುತ್ತೇವಲ್ಲ, ಆ ತಕ್ಕಡಿಯನ್ನು ಉಳಿದವರಿಗೂ ಹಿಡಿಯಬಾರದೇ ಎಂಬುದಷ್ಟೇ ನನ್ನ ಕೇಳಿಕೆ.

ಹಾಗೆ ತಕ್ಕಡಿ ಹಿಡಿದ ಒಂದು ಪ್ರಸಂಗ ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತಿರುತ್ತದೆ. ಕ್ರಿ.ಶ. 630ರಲ್ಲಿ ಪ್ರವಾದಿಯವರು ಮಕ್ಕಾದ ಕಡೆ ಹೊರಡುವ ಸಿದ್ಧತೆಯನ್ನು ಗುಟ್ಟಾಗಿ ಇಟ್ಟಿದ್ದರು. ಹಾತಿಬ್ ಬಿನ್ ಅಬೀ ಬಲ್ತಅ ಎಂಬ ಸಹಾಬಿ ಅದನ್ನು ತಿಳಿಸುವ ಪತ್ರ ಬರೆದು ಒಬ್ಬ ಹೆಂಗಸಿನ ಕೈಯಲ್ಲಿ ಮಕ್ಕಾಕ್ಕೆ ಕಳಿಸಿದರು. ಅಲಿಯವರೂ ಸಂಗಡಿಗರೂ ಬೆನ್ನಟ್ಟಿ ಹೋಗಿ ಪತ್ರವನ್ನು ಹಿಡಿದು ತಂದರು. ಇಲ್ಲಿ 'ಇದ್ದರೂ ಇರಬಹುದು' ಎಂಬ ಮಾತೇ ಇಲ್ಲ, ಪುರಾವೆ ಕೈಯಲ್ಲಿದೆ. ಇವನ ಕತ್ತು ಕಡಿಯಲು ಅಪ್ಪಣೆ ಕೊಡಿ ಎಂದರು ಉಮರ್. ಪ್ರವಾದಿಯವರು ಹಾತಿಬರ ಕಡೆ ತಿರುಗಿ ಕೇಳಿದ್ದು, ಯಾಕೆ ಹೀಗೆ ಮಾಡಿದಿರಿ ಎಂದು. ಉಳಿದ ಮುಹಾಜಿರರಿಗೆ ಮಕ್ಕಾದಲ್ಲಿ ನೆಂಟರಿದ್ದಾರೆ, ನನ್ನ ಮನೆಯವರಿಗೆ ಅಲ್ಲಿ ದಿಕ್ಕಿಲ್ಲ, ಒಂದು ಉಪಕಾರ ಮಾಡಿಟ್ಟರೆ ಅವರ ಜೀವ ಉಳಿದೀತು ಎಂದುಕೊಂಡೆ, ಧರ್ಮ ಬಿಟ್ಟು ಮಾಡಲಿಲ್ಲ ಎಂದರು ಅವರು. ಪ್ರವಾದಿಯವರು ಆ ಮಾತನ್ನು ನಂಬಿದರು. ಬದ್ರ್ ಕಾಳಗದಲ್ಲಿ ಜೊತೆಗೆ ನಿಂತವನು ಎಂದು ಹಳೆಯ ಋಣವನ್ನೂ ನೆನೆದರು. ಈ ಸಂದರ್ಭದಲ್ಲಿ ಇಳಿದ 'ಅಲ್-ಮುಮ್ತಹಿನ' ಅಧ್ಯಾಯ ಆ ಕೆಲಸವನ್ನು ಖಂಡಿಸುತ್ತದೆ, ಆದರೆ ಶುರುವಾಗುವುದು ವಿಶ್ವಾಸಿಗಳೇ ಎಂಬ ಸಂಬೋಧನೆಯಿಂದ. ತಪ್ಪು ಮಾಡಿದವನನ್ನೂ ಆ ಸಂಬೋಧನೆಯಿಂದ ಹೊರಗೆ ತಳ್ಳಿಲ್ಲ ಎಂದು ವ್ಯಾಖ್ಯಾನಕಾರರು ಗಮನಿಸಿದ್ದಾರೆ.

ಯಾಕೆ ಮಾಡಿದೆ ಎಂಬ ಈ ಪ್ರಶ್ನೆಯನ್ನು ಮಲ್ಲಪ್ಪಶೆಟ್ಟಿಗೆ ನಮ್ಮ ಯಾವ ನಾಟಕಕಾರ ಕೇಳಿದ್ದಾನೆ? ಹೆಚ್ಚೆಂದರೆ ಹಣದ ಆಸೆ, ಅಧಿಕಾರದ ಆಸೆ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಸಿನಿಮಾಕ್ಕೆ ಅಷ್ಟು ಸಾಕು. 1961ರಲ್ಲಿ ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ಬಂತು, ಬಿ. ಸರೋಜಾದೇವಿಯವರ ಮುಖವೇ ರಾಣಿಯ ಮುಖವೆಂದು ಒಂದು ತಲೆಮಾರು ನಂಬಿತು. 2012ರಲ್ಲಿ ದರ್ಶನ್ ನಟಿಸಿದ ರಾಯಣ್ಣನ ಚಿತ್ರ ಬಂತು. ವೀರಾವೇಶದ ಮಾತಿಗೆ ಸೀಟಿ, ದ್ರೋಹಿ ತೆರೆಯ ಮೇಲೆ ಬಂದರೆ ಬೈಗುಳ. ಬೈದು ಹೊರಗೆ ಬಂದವನಿಗೆ ತಾನೂ ನಾಡಿಗಾಗಿ ಏನೋ ಮಾಡಿದೆ ಎಂಬ ಸಂತೋಷ.

ಜನಪ್ರಿಯ ಕಥೆಗೆ ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎನ್ನುವಂತಿಲ್ಲ. ಹಾಂಗ್‌ಕಾಂಗಿನ ಪತ್ರಿಕೆಗಳಲ್ಲಿ ಕತ್ತಿವರಸೆಯ ಧಾರಾವಾಹಿಗಳನ್ನು ಬರೆದ ಜಿನ್ ಯೋಂಗ್ (1924-2018) ಚೀನೀ ಬಲ್ಲವರ ಮನೆಮನೆಯ ಲೇಖಕ. ನಮ್ಮಲ್ಲಿ ಕುಂಗ್‌ಫು ಸಿನಿಮಾ ಎಂದು ನೋಡಿ ಮರೆಯುವ ಜಾತಿಯ ಕಥೆಗಳೇ ಅವು. 1963ರಲ್ಲಿ ಶುರುವಾದ ಅವರ ಒಂದು ಧಾರಾವಾಹಿಯ ನಾಯಕ ಚಾವ್ ಫೆಂಗ್ ದೇಶಕ್ಕೆ ದೊಡ್ಡ ಯೋಧ, ಎಲ್ಲರ ಪ್ರೀತಿಯ ಮುಖಂಡ. ಒಂದು ದಿನ ಅವನು ಹುಟ್ಟಿನಿಂದ ಖಿತಾನ್ ಕುಲದವನು, ಅಂದರೆ ಶತ್ರುಗಳ ಮಗು, ಎಂದು ಬಯಲಾಗುತ್ತದೆ. (ಉರ್ದು ಗಜಲುಗಳಲ್ಲಿ ಚೀನಾಕ್ಕೆ 'ಖತಾ' ಎನ್ನುತ್ತೇವಲ್ಲ, ಅದು ಈ ಖಿತಾನರಿಂದ ಬಂದ ಪದ.) ಅಲ್ಲಿಂದ ಮುಂದೆ ಅವನು ಏನು ಮಾಡಿದರೂ ಸಂಶಯ. ನಿನ್ನೆಯ ತನಕ ಜೊತೆಗೆ ಕುಡಿದವರೇ ಪುರಾವೆ ಕೊಡು ಎನ್ನುತ್ತಾರೆ. ಕೊನೆಗೆ ಅವನು ಗಡಿಯಲ್ಲಿ ಖಿತಾನರ ದೊರೆಯನ್ನೇ ಹಿಡಿದು, ನಿನ್ನ ಆಳ್ವಿಕೆಯಲ್ಲಿ ಸೈನ್ಯ ಈ ಗಡಿ ದಾಟಬಾರದು ಎಂದು ಮಾತು ತೆಗೆದುಕೊಂಡು, ಎರಡೂ ನಾಡಿನ ಜನರನ್ನು ಉಳಿಸುತ್ತಾನೆ. ಹುಟ್ಟಿದ ಕುಲದ ದೊರೆಗೆ ಎರಡು ಬಗೆದೆ ಎಂದು ಅಲ್ಲೇ ಪ್ರಾಣ ಕಳೆದುಕೊಳ್ಳುತ್ತಾನೆ. ಯಾವ ಕಡೆಯಿಂದ ನೋಡಿದರೂ ದ್ರೋಹಿ, ಯಾವ ಕಡೆಯಿಂದ ನೋಡಿದರೂ ವೀರ. ಹುಟ್ಟಿನ ಕಾರಣಕ್ಕೆ ಕ್ರಿಕೆಟ್ ಪಂದ್ಯದ ದಿನವೂ ನಿಷ್ಠೆಯ ಪುರಾವೆ ಕೊಡಬೇಕಾಗಿ ಬಂದವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ದ್ರೋಹವೇ ಇಲ್ಲವೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ರಾಯಣ್ಣನನ್ನು ಬಯಲು ಕಾಳಗದಲ್ಲಿ ಹಿಡಿಯಲು ಕಂಪನಿಗೆ ಆಗಲಿಲ್ಲ. 1830ರಲ್ಲಿ ಅವನನ್ನು ನಂಬಿಸಿ ಹಿಡಿದುಕೊಟ್ಟರು. ಹಳ್ಳದಲ್ಲಿ ಸ್ನಾನಕ್ಕಿಳಿದವನ ಕತ್ತಿಯನ್ನು ನಂಬಿದವರೇ ಎತ್ತಿಕೊಂಡರೆಂದು ಲಾವಣಿಕಾರರು ಹಾಡುವಾಗ ಎಂಥವನ ಗಂಟಲೂ ಕಟ್ಟುತ್ತದೆ. ಆ ಕೃತ್ಯ ನೀಚವಾದದ್ದು, ನೀಚವೆಂದೇ ಬರೆಯಬೇಕು. ಆದರೆ ಅದನ್ನು ಮಾಡಿದವನ ಹೆಸರಿನಲ್ಲಿ ಬರೆಯಬೇಕೇ ಹೊರತು ಅವನ ಊರಿನ, ಜಾತಿಯ, ಮೊಮ್ಮಕ್ಕಳ ಹೆಸರಿನಲ್ಲಲ್ಲ. ಚಿನ್ ಹುಯಿಯ ವಂಶದವನೆಂದು ಹೇಳಲಾದ ವಿದ್ವಾಂಸನೊಬ್ಬ ಆರುನೂರು ವರ್ಷಗಳ ನಂತರ ಯುಯೆ ಫೇಯ ಗೋರಿಯ ಮುಂದೆ ನಿಂತು ತನ್ನ ಮನೆತನದ ಹೆಸರಿಗೆ ನಾಚಿಕೊಂಡನಂತೆ. ಅಷ್ಟು ಕಾಲ ಉಳಿಯುತ್ತದೆ ಆ ಉಗುಳು.

ಚೆನ್ನಮ್ಮನ ಕಥೆಯಲ್ಲಿ ನಾವು ಕಡಿಮೆ ಹೇಳುವ ಭಾಗವೊಂದಿದೆ. ಸೆರೆ ಸಿಕ್ಕ ಇಬ್ಬರು ಇಂಗ್ಲಿಷರನ್ನು ಕಿತ್ತೂರಿನವರು ಕೊಲ್ಲಲಿಲ್ಲ. ಕಂಪನಿಯ ತೋಪುಗಳು ಬರುತ್ತಿವೆ ಎಂದು ತಿಳಿದಿದ್ದ ದಿನಗಳಲ್ಲಿಯೂ ಅವರಿಗೆ ಕೇಡಾಗದಂತೆ ನೋಡಿಕೊಂಡು, ಕೊನೆಗೆ ಬಿಟ್ಟುಕೊಟ್ಟರು. ಅವರಲ್ಲಿ ವಾಲ್ಟರ್ ಎಲಿಯಟ್‌ಗೆ ಆಗ ಇಪ್ಪತ್ತೊಂದು ವರ್ಷ. ಅದೇ ಎಲಿಯಟ್ ಮುಂದೆ ಧಾರವಾಡ ಸೀಮೆಯಲ್ಲಿ ಉಳಿದು, ಹಳ್ಳಿ ಹಳ್ಳಿಗಳ ಗುಡಿಗಳ ಶಾಸನಗಳನ್ನು ಹುಡುಕಿ ನೂರಾರು ಪ್ರತಿಗಳನ್ನು ಮಾಡಿಸಿದ. ಚಾಲುಕ್ಯರ ಚರಿತ್ರೆ ಕಟ್ಟುವವರಿಗೆ ಮೊದಮೊದಲು ಸಿಕ್ಕ ಸಾಮಗ್ರಿಯಲ್ಲಿ ಅವನದು ದೊಡ್ಡ ಪಾಲು. ಕೋಟೆಯೊಳಗೆ ಕೂತ ಆ ಹುಡುಗ ಸಾಹೇಬನಿಗೆ ದಿನಾ ಊಟ ಕೊಟ್ಟವರು ಯಾರು, ಕೊಡಬೇಡ ಎಂದು ತಡೆದವರೂ ಇದ್ದರೇ, ಅವರಿಗೆ ರಾಣಿ ಏನು ಹೇಳಿದಳು? ಯಾವ ಲಾವಣಿಯಲ್ಲಿಯೂ ನನಗೆ ಇದು ಸಿಕ್ಕಿಲ್ಲ. ಬರೆಯುವುದಾದರೆ ಆ ನಲವತ್ತು ದಿನಗಳ ಕಥೆಯನ್ನು ಬರೆಯಬೇಕೆಂದಿದ್ದೇನೆ.