ನಾನು ಬಿಟ್ಟ ಒಂದು ವಾಕ್ಯ

ಹೋದ ವರ್ಷ ಅವ್ವ ಗದಗದಿಂದ ವಿಮಾನ ನಗರದ ನಮ್ಮ ಮನೆಗೆ ಬಂದಳು. ಸಕ್ಕರೆ ಕಾಯಿಲೆಗೆ ತೋರಿಸಲು ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಯುವ ಡಾಕ್ಟರೊಬ್ಬರು, ತಮ್ಮ ಅಧ್ಯಯನಕ್ಕೆ ಸೇರುತ್ತೀರಾ ಎಂದು ಕೇಳಿದರು. ಮೂರು ತಿಂಗಳಿಗೊಮ್ಮೆ ಒಂದಿಷ್ಟು ರಕ್ತ, ಒಂದಿಷ್ಟು ಪ್ರಶ್ನೆ, ಅಷ್ಟೆ. ಒಪ್ಪಿಗೆ ಪತ್ರ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿತ್ತು. ಅವ್ವನಿಗೆ ಕನ್ನಡ ಬಿಟ್ಟು ಬೇರೆ ಬಾರದು, ಓದಲೂ ಬಾರದು. ನೀವೇ ತಿಳಿಸಿ ಹೇಳಿ ಎಂದರು.

ಹೇಳಿದೆ. ಒಂದು ವಾಕ್ಯ ಮಾತ್ರ ಬಿಟ್ಟೆ: ಈ ಅಧ್ಯಯನದಿಂದ ನಿಮಗೆ ನೇರ ಪ್ರಯೋಜನ ಆಗದಿರಬಹುದು. ಸೇರಿಕೊಂಡರೆ ಡಾಕ್ಟರು ಅವಳನ್ನು ತುಸು ಹೆಚ್ಚು ಕಾಳಜಿಯಿಂದ ನೋಡಿಯಾರು ಎಂಬ ಆಸೆ ನನ್ನದು. ಅವ್ವ ಹೆಬ್ಬೆಟ್ಟು ಒತ್ತಿದಳು.

ಒಪ್ಪಿದ್ದು ಅವಳೋ, ನಾನೋ?

ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರತಂದ ಮಾರ್ಗಸೂಚಿ, ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲೇ ಎಲ್ಲವನ್ನೂ ತಿಳಿಸಬೇಕು ಎನ್ನುತ್ತದೆ. ಓದುಬರಹ ಬಾರದವರಾದರೆ ಪಕ್ಷಪಾತವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಮೊದಲು ಇದು ಕಾಗದಪತ್ರದ ಶಿಸ್ತು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಮಗನ ಪ್ರೀತಿಗಿಂತ ದೊಡ್ಡ ಪಕ್ಷಪಾತ ಯಾವುದಿದೆ?

ಇದೇ ಪುಣೆಯ ಬಿ.ಜೆ. ಮೆಡಿಕಲ್ ಕಾಲೇಜು ಮತ್ತು ಸಸೂನ್ ಆಸ್ಪತ್ರೆಯಲ್ಲಿ ನಡೆದ ಒಂದು ಅಧ್ಯಯನ ನೆನಪಾಗುತ್ತದೆ. ಎಚ್‌ಐವಿ ಇರುವ ತಾಯಂದಿರ ಎದೆಹಾಲಿನಿಂದ ಕೂಸಿಗೆ ಸೋಂಕು ತಗುಲದಂತೆ ಮಾಡುವುದು ಹೇಗೆ ಎಂಬುದು ಪ್ರಶ್ನೆ. ಕೆಲವು ಕೂಸುಗಳಿಗೆ ಹುಟ್ಟಿದಾಗ ನೆವಿರಪಿನ್ ಔಷಧದ ಒಂದೇ ಡೋಸ್, ಇನ್ನು ಕೆಲವಕ್ಕೆ ಆರು ವಾರದವರೆಗೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ. ಇಥಿಯೋಪಿಯಾ, ಉಗಾಂಡಾಗಳ ಫಲಿತಾಂಶದ ಜೊತೆಗೆ ಇದು 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆರು ವಾರದ ಹೊತ್ತಿಗೆ, ಹೆಚ್ಚು ದಿನ ಔಷಧ ಪಡೆದ ಕೂಸುಗಳಲ್ಲಿ ಸೋಂಕು ಸುಮಾರು ಅರ್ಧದಷ್ಟಿತ್ತು. ಆರು ತಿಂಗಳಿಗೆ ಆ ಅಂತರ ಕಿರಿದಾಗಿತ್ತು.

ಒಂದೇ ಡೋಸಿನ ಚೀಟಿ ಬಂದ ತಾಯಂದಿರ ಬಗ್ಗೆ ನಾನು ಯೋಚಿಸುತ್ತೇನೆ. ಮುಂದೆ ಹುಟ್ಟುವ ಯಾರದೋ ಮಕ್ಕಳಿಗೆ ದಾರಿಯಾದ ಆ ತಿಳಿವಳಿಕೆಯಲ್ಲಿ ಅವರ ಪಾಲೂ ಇದೆ. ತಿಳಿದು ಒಪ್ಪಿದ್ದರೆ ಅದು ಕೊಡುಗೆ. ತಿಳಿಯದೆ ಒಪ್ಪಿದ್ದರೆ, ಅವರಿಂದ ತೆಗೆದುಕೊಂಡದ್ದು. ರಕ್ತ ಅದೇ, ಫಲಿತಾಂಶವೂ ಅದೇ. ಆದರೂ ಎರಡೂ ಒಂದಲ್ಲ.

ಅವ್ವನ ವಿಷಯದಲ್ಲಿ ನಾನು ಮಾಡಿದ್ದೂ ಇದನ್ನೇ. ನಿನಗೇನೂ ಸಿಗದಿರಬಹುದು ಎಂಬ ಮಾತು ಮುಚ್ಚಿಟ್ಟು ಅವಳನ್ನು ಕಾಪಾಡಿದೆ ಅಂದುಕೊಂಡೆ. ಆದರೆ ಪರರಿಗಾಗಿ ಕೊಡುವ ಅವಕಾಶ ಇದ್ದದ್ದೇ ಆ ವಾಕ್ಯದಲ್ಲಿ. ಊರಲ್ಲಿ ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸದ ಹೆಂಗಸಿಗೆ, ಕೊಡುತ್ತಿದ್ದೇನೆ ಎಂಬುದೇ ಗೊತ್ತಾಗದಂತೆ ಮಾಡಿದ್ದೆ.

ಎರಡು ಸಲ ರಕ್ತ ಕೊಟ್ಟ ಮೇಲೆ, ಒಂದು ಸಂಜೆ ಹೇಳಿಬಿಟ್ಟೆ. ಮನೆಯ ಮೇಲೆ ವಿಮಾನವೊಂದು ಹಾರಿತು. ಸದ್ದು ಅಡಗುವವರೆಗೂ ಅವ್ವ ಸುಮ್ಮನಿದ್ದಳು.

"ಬ್ಯಾಡ ಅಂದ್ರ ಬಿಡ್ತಾರೇನು?"

"ಬಿಡ್ತಾರ. ನಿನ್ನ ಔಷಧಕ್ಕ ಏನೂ ತೊಂದ್ರಿ ಇಲ್ಲ."

"ನನ್ನ ರಕ್ತದಿಂದ ಮತ್ಯಾರಿಗರ ಛಲೋ ಆಗ್ತದೇನು?"

"ಆಗಬಹುದು. ಆಗದೇನೂ ಇರಬಹುದು."

"ಇದನ್ನ ಅವತ್ತ ಹೇಳಬೇಕಿಲ್ಲೇನು?" ಎಂದಳು. ಆಮೇಲೆ, "ಆ ಕಾಗದ ತಗೊಂಡು ಬಾ. ಮೊದಲಿಂದ ಓದಿ ಹೇಳು. ಕೊಡೂದೋ ಬಿಡೂದೋ, ಆಮ್ಯಾಲೆ ನಾ ಹೇಳ್ತೀನಿ."

ಈ ಸಲ ಒಂದಕ್ಷರವನ್ನೂ ಬಿಡದೆ ಓದಿದೆ.