ತಂತಿಯಲ್ಲಿ ಹರಿಯುವುದು ಶಬ್ದವೇ?

ಶಬ್ದ ನಿತ್ಯವೋ ಅನಿತ್ಯವೋ ಎಂದು ಮೀಮಾಂಸಕರೂ ನೈಯಾಯಿಕರೂ ಶತಮಾನಗಳ ಕಾಲ ವಾದ ಮಾಡಿದರು. ಉಚ್ಚರಿಸಿದಾಗ ಶಬ್ದ ಹುಟ್ಟುತ್ತದೆ, ಮರುಕ್ಷಣ ಅಳಿಯುತ್ತದೆ ಎಂದರು ನೈಯಾಯಿಕರು. ಅದಕ್ಕೆ ಹುಟ್ಟೂ ಇಲ್ಲ ಸಾವೂ ಇಲ್ಲ, ಮೊದಲೇ ಇರುವುದು ಉಚ್ಚಾರದಿಂದ ವ್ಯಕ್ತವಾಗುತ್ತದೆ ಅಷ್ಟೇ ಎಂದರು ಮೀಮಾಂಸಕರು. ವೇದದ ಪ್ರಾಮಾಣ್ಯವೇ ಇದಕ್ಕೆ ತಳುಕು ಹಾಕಿಕೊಂಡಿದ್ದರಿಂದ ಇಬ್ಬರಿಗೂ ಇದು ಕಾಲಕ್ಷೇಪದ ಚರ್ಚೆಯಾಗಿರಲಿಲ್ಲ. ಆ ಹಳೆಯ ವಾದ ಇಂದು ಬೇರೆ ರೂಪದಲ್ಲಿ ಎದುರಾಗುತ್ತದೆ. ಈಗ ಮನೆಗಳಲ್ಲಿ ಸಂಗೀತ ಕ್ಯಾಸೆಟ್ಟಿನ ಕಪಾಟಿನಿಂದ ಬರುವುದಿಲ್ಲ, ರೂಟರ್ ಮೂಲಕ ಬರುತ್ತದೆ. ಈಥರ್ನೆಟ್ ಕೇಬಲ್ ಬದಲಿಸಿದರೆ ತಂಬೂರಿಯ ಜವಾರಿ ಎಂಬ ಝೇಂಕಾರ ಇನ್ನಷ್ಟು ತೆರೆದುಕೊಳ್ಳುತ್ತದೆಂದು ನಂಬಿ ದೊಡ್ಡ ಮೊತ್ತ ಸುರಿಯುವವರಿದ್ದಾರೆ. ಎಲ್ಲವೂ ಒಂದು-ಸೊನ್ನೆ ತಾನೇ, ಯಾವ ಸಾಧನವಾದರೇನು ಎನ್ನುವವರೂ ಇದ್ದಾರೆ. ಇಬ್ಬರೂ ಕೇಳಿಕೊಳ್ಳದ ಪ್ರಶ್ನೆ ಒಂದೇ: ಆ ತಂತಿಯಲ್ಲಿ ಹರಿಯುತ್ತಿರುವುದು ಶಬ್ದವೇ? ಅಲ್ಲ ಎಂಬುದು ನನ್ನ ವಾದ. ತಂತಿಯಲ್ಲಿ ಸಾಗುವುದರ ಮಟ್ಟಿಗೆ ಮೀಮಾಂಸಕರ ಮಾತು ಹೊಂದುತ್ತದೆ, ಕೋಣೆಯಲ್ಲಿ ಕೇಳಿಸುವುದರ ಮಟ್ಟಿಗೆ ನೈಯಾಯಿಕರ ಮಾತು. ಇವೆರಡನ್ನೂ ಕಲಸಿದಾಗ ನಮ್ಮ ಹಣವೂ ಗಮನವೂ ತಪ್ಪು ಜಾಗದಲ್ಲಿ ಖರ್ಚಾಗುತ್ತವೆ.

ಜೈಮಿನಿಯ ಸೂತ್ರಗಳಿಗೆ ಭಾಷ್ಯ ಬರೆದ ಶಬರಸ್ವಾಮಿ ಮುಂದಿಡುವ ಒಂದು ಯುಕ್ತಿ ಬಹಳ ಸರಳವಾದದ್ದು. ಗೋ ಎಂಬ ಪದವನ್ನು ಯಾರಾದರೂ ಎಂಟು ಸಲ ಹೇಳಿದರೆ, ಕೇಳಿದವರು ಅದೇ ಪದವನ್ನು ಎಂಟು ಸಲ ಹೇಳಿದರು ಎನ್ನುತ್ತಾರೆ, ಎಂಟು ಗೋ ಪದಗಳನ್ನು ಹೇಳಿದರು ಎನ್ನುವುದಿಲ್ಲ. ಉಚ್ಚಾರ ಹಲವು, ಪದ ಒಂದೇ ಎಂಬ ಗುರುತು ನಮ್ಮ ಅರಿವಿನಲ್ಲೇ ಇದೆ. ಇದಕ್ಕೆ ಅವರು ಕೊಟ್ಟ ಹೆಸರು ಪ್ರತ್ಯಭಿಜ್ಞೆ. ನೈಯಾಯಿಕರು ಒಪ್ಪಲಿಲ್ಲ. ದೀಪದ ಜ್ವಾಲೆ ಕ್ಷಣಕ್ಷಣಕ್ಕೂ ಬೇರೆಯಾದರೂ ಅದೇ ದೀಪ ಎನ್ನುತ್ತೇವೆ, ಹೋಲಿಕೆಯನ್ನೇ ಐಕ್ಯವೆಂದು ತಿಳಿಯುತ್ತೇವೆ ಎಂಬುದು ಅವರ ಉತ್ತರ. ಬಾಯಿಂದ ಬಂದ ಮಾತಿಗೆ ಈ ಉತ್ತರವನ್ನು ತಳ್ಳಿಹಾಕುವುದು ಕಷ್ಟ, ಏಕೆಂದರೆ ಎರಡು ಉಚ್ಚಾರಗಳು ಪೂರಾ ಒಂದೇ ಎಂದು ತೋರಿಸುವ ಉಪಾಯ ಅಂದು ಇರಲಿಲ್ಲ. ಸಂಖ್ಯೆಯಾಗಿ ಬರೆದಿಟ್ಟ ಧ್ವನಿಗೆ ಆ ಉಪಾಯ ಇದೆ. ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿನ ಧ್ವನಿಯನ್ನು 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆಯುತ್ತಾರೆ. ಎರಡು ಚಾನೆಲ್ ಸೇರಿದರೆ ಸೆಕೆಂಡಿಗೆ 14,11,200 ಬಿಟ್. ಫ್ಲ್ಯಾಕ್ ಎಂಬ ಕಡತ ಪದ್ಧತಿ ಈ ಅಂಕಿಗಳನ್ನು ಒಂದನ್ನೂ ಕಳೆಯದೆ ಒತ್ತಿ ಚಿಕ್ಕದು ಮಾಡುತ್ತದೆ, ಮೂಲ ಧ್ವನಿದತ್ತದ ಎಂಡಿ5 ಎಂಬ ಮುದ್ರೆಯನ್ನೂ ಕಡತದ ತಲೆಯಲ್ಲೇ ಇಟ್ಟುಕೊಳ್ಳುತ್ತದೆ. ಬಿಚ್ಚಿದ ಮೇಲೆ ಲೆಕ್ಕ ಹಾಕಿದ ಮುದ್ರೆ ಅದಕ್ಕೆ ತಾಳೆಯಾದರೆ ಕಡತ ಕೆಟ್ಟಿಲ್ಲವೆಂದು ನಂಬಬಹುದು. ಇನ್ನೂ ಅನುಮಾನವಿದ್ದರೆ ಎರಡು ಪ್ರತಿಗಳನ್ನು ಬಿಟ್ ಬಿಟ್ ಆಗಿ ತಾಳೆ ಹಾಕಿ ನೋಡಬಹುದು. ಇಲ್ಲಿ ಹೋಲಿಕೆಯ ಮಾತೇ ಬರುವುದಿಲ್ಲ, ಇರುವುದು ಐಕ್ಯ. ಗಾಯಕ ಮಲ್ಲಿಕಾರ್ಜುನ ಮನ್ಸೂರರ ಒಂದು ಮುದ್ರಣವನ್ನು ಧಾರವಾಡದಲ್ಲಿ ಒಬ್ಬರು, ನ್ಯೂಜೆರ್ಸಿಯಲ್ಲಿ ಒಬ್ಬರು ತೆರೆದರೆ ಇಬ್ಬರ ಕೈಯಲ್ಲೂ ಇರುವುದು ಒಂದೇ.

ನೈಯಾಯಿಕರು ಶಬ್ದದ ಪಯಣವನ್ನು ವಿವರಿಸಿದ ಬಗೆಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ನೀರಿನ ಅಲೆ ಮುಂದಿನ ಅಲೆಯನ್ನು ಎಬ್ಬಿಸುವಂತೆ ಮೊದಲ ಶಬ್ದ ಎರಡನೆಯದನ್ನು ಹುಟ್ಟಿಸುತ್ತದೆ, ಎರಡನೆಯದು ಮೂರನೆಯದನ್ನು. ಕಿವಿಗೆ ಸಿಗುವುದು ಈ ಸಾಲಿನ ಕೊನೆಯದು ಮಾತ್ರ ಎಂದರು ಅವರು. ಹಳೆಯ ಕ್ಯಾಸೆಟ್ ನಕಲಿನ ಕಥೆ ಇದೇ. ಪ್ರತಿಯಿಂದ ಪ್ರತಿ ಮಾಡಿದಂತೆಲ್ಲ ಹಿಸ್ ಶಬ್ದ ಏರಿತು, ಮೇಲಿನ ಸ್ವರಾಂಶಗಳು ಮಂಕಾದವು, ಎಲ್ಲಕ್ಕಿಂತ ಮೊದಲು ಹೋದದ್ದು ತಂಬೂರಿಯ ಜವಾರಿ. ನೆಟ್‌ವರ್ಕಿನಲ್ಲಿ ಈ ಸವೆತ ಇಲ್ಲ. ನೆಟ್‌ವರ್ಕ್ ಸ್ವಿಚ್ಚಿಗೆ ಬಂದ ವಿದ್ಯುತ್ ಸಂಕೇತ ಎಷ್ಟೇ ಮಸುಕಾಗಿದ್ದರೂ ಅದರಲ್ಲಿ ಒಂದೋ ಸೊನ್ನೆಯೋ ಎಂದು ಓದಲು ಬಂದರೆ ಸಾಕು, ಅದು ಹೊಸದಾಗಿ ಬರೆದು ಮುಂದೆ ಕಳಿಸುತ್ತದೆ. ಈಥರ್ನೆಟ್ಟಿನ ಪ್ರತಿ ಕಟ್ಟಿನ ಕೊನೆಗೆ 32 ಬಿಟ್‌ಗಳ ತಾಳೆ ಅಂಕಿ ಇರುತ್ತದೆ. ತಾಳೆಯಾಗದ ಕಟ್ಟು ಅಲ್ಲೇ ಬೀಳುತ್ತದೆ. ಅದರ ಮೇಲೆ ಟಿಸಿಪಿ ಎಂಬ ಸಾಗಣೆ ನಿಯಮ ಪ್ರತಿ ಬೈಟಿಗೂ ಕ್ರಮಾಂಕ ಇಟ್ಟು, ಬಂತೆಂಬ ಉತ್ತರ ಬಾರದಿದ್ದರೆ ಮತ್ತೆ ಕಳಿಸುತ್ತದೆ. ಸಿ.ಡಿ. ಮಟ್ಟದ ಸಂಗೀತವನ್ನು ಒತ್ತದೆ ಹಾಗೇ ಕಳಿಸಿದರೂ ಸೆಕೆಂಡಿಗೆ ಸುಮಾರು 120 ಕಟ್ಟು (ಪ್ಯಾಕೆಟ್) ಆಗುತ್ತದೆ, ಸಾಮಾನ್ಯ ರೂಟರಿಗೆ ಇದು ಕೆಲಸವೇ ಅಲ್ಲ. 24 ಬಿಟ್, 192 ಕಿಲೋಹರ್ಟ್ಸ್‌ನ ಅತಿ ದೊಡ್ಡ ಕಡತಕ್ಕೂ ಸೆಕೆಂಡಿಗೆ 92,16,000 ಬಿಟ್ ಸಾಕು, ನೂರು ಮೆಗಾಬಿಟ್ಟಿನ ಹಳೆಯ ಕೇಬಲ್ ಸಂಪರ್ಕದ ಹತ್ತನೇ ಒಂದು ಪಾಲಿಗೂ ಕಡಿಮೆ. ತಪ್ಪನ್ನು ಹಿಡಿಯಲು ಹೆಚ್ಚುವರಿ ಮಾಹಿತಿ ಸೇರಿಸುವ ಈ ಯೋಚನೆ ವೇದಾಧ್ಯಯನ ಬಲ್ಲವರಿಗೆ ಅಪರಿಚಿತವಲ್ಲ. ಪದಪಾಠ, ಕ್ರಮಪಾಠ, ಜಟೆ, ಘನ ಇವೆಲ್ಲ ಅದೇ ಪದಗಳನ್ನು ಬಿಡಿಸಿಯೋ, ಜೋಡಿಸಿಯೋ, ಹಿಂದೆ ಮುಂದೆ ಹೆಣೆದೋ ಹೇಳುವ ಕ್ರಮಗಳು. ಜಟೆಯಲ್ಲಿ ಒಂದು-ಎರಡು, ಎರಡು-ಒಂದು, ಮತ್ತೆ ಒಂದು-ಎರಡು ಎಂದು ಸಾಗುವಾಗ ಒಂದು ಸ್ವರ ಜಾರಿದರೆ ಪಕ್ಕದ ಜೋಡಿಯಲ್ಲಿ ಅದು ಎದ್ದು ಕಾಣುತ್ತದೆ. ಋಷಿಗಳಿಗೆ ಇಂಟರ್ನೆಟ್ ಗೊತ್ತಿತ್ತು ಎಂಬ ಮಾತಿಗೆ ಇದರಿಂದ ಯಾವ ಬಲವೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಸಾಗಿಸುವಾಗ ಮಾರ್ಪಡಬಾರದ್ದು ಒಂದಿದೆ, ಅದನ್ನು ಕಾಯಲು ಕ್ರಮ ಬೇಕು ಎಂಬ ಶ್ರದ್ಧೆ ಹಳೆಯದು ಎಂದಷ್ಟೇ ನನ್ನ ತಾತ್ಪರ್ಯ.

ತಂತಿಯಲ್ಲಿ ಸಾಗುವುದು ಶಬ್ದವಲ್ಲ ಎಂಬುದಕ್ಕೆ ಯಾರ ಮನೆಯಲ್ಲಾದರೂ ಸಿಗುವ ಪುರಾವೆ ಇನ್ನೊಂದಿದೆ. ಹಾಡು ನಡೆಯುತ್ತಿರುವಾಗ ನೆಟ್‌ವರ್ಕಿನಿಂದ ಹಾಡು ಪಡೆದು ನುಡಿಸುವ ಸ್ಟ್ರೀಮರ್ ಹಿಂದಿನ ಈಥರ್ನೆಟ್ ಕೇಬಲನ್ನು ಕಿತ್ತರೆ, ಬಫರಿನಲ್ಲಿ ತುಂಬಿಟ್ಟುಕೊಂಡಷ್ಟು ಹೊತ್ತು ಹಾಡು ಹಾಗೇ ಮುಂದುವರಿಯುತ್ತದೆ. ಕೆಲವು ಸಾಧನಗಳಲ್ಲಿ ಕೆಲವು ಸೆಕೆಂಡು, ಇನ್ನು ಕೆಲವುಗಳಲ್ಲಿ ಇಡೀ ಹಾಡು. ಕೇಬಲಿನ ಗುಣ ಧ್ವನಿಯಲ್ಲಿ ಇಳಿಯುವುದಾದರೆ ಕಿತ್ತ ಕ್ಷಣವೇ ಧ್ವನಿ ಬದಲಾಗಬೇಕಿತ್ತು. ಅನ್ವಯ-ವ್ಯತಿರೇಕ ಎಂದು ತರ್ಕಶಾಸ್ತ್ರ ಹೇಳುವುದು ಇದನ್ನೇ: ಕಾರಣ ಇದ್ದಾಗ ಕಾರ್ಯ ಇರಬೇಕು, ಇಲ್ಲದಾಗ ಇರಬಾರದು. ತಾಳಕ್ಕೆ ತಕ್ಕಂತೆ ಬಿಟ್‌ಗಳನ್ನು ಬಿಡುವ ಕೆಲಸವನ್ನು ಪ್ಯಾಕೆಟ್ ಬಂದ ಹೊತ್ತು ನಿರ್ಧರಿಸುವುದಿಲ್ಲ, ಅಂಕಿಗಳನ್ನು ಧ್ವನಿಸಂಕೇತವಾಗಿಸುವ ಡ್ಯಾಕ್ ಬಳಿಯ ಹರಳಿನ ಗಡಿಯಾರ ನಿರ್ಧರಿಸುತ್ತದೆ. ನೆಟ್‌ವರ್ಕ್ ನಿಜವಾಗಿ ಸೋತಾಗ ಏನಾಗುತ್ತದೆ ಎಂಬುದನ್ನೂ ಗಮನಿಸಬೇಕು. ಅಪಾರ್ಟ್‌ಮೆಂಟಿನಲ್ಲಿ 2.4 ಗಿಗಾಹರ್ಟ್ಸ್ ವೈಫೈ ಕಿಕ್ಕಿರಿದಿದ್ದರೆ, ಮೈಕ್ರೋವೇವ್ ಒಲೆ ಹಚ್ಚಿದರೆ, ನಡುವೆ ಕಾಂಕ್ರೀಟ್ ಗೋಡೆ ಬಂದರೆ ಹಾಡು ತಡವರಿಸುತ್ತದೆ, ಕತ್ತರಿಸಿದಂತೆ ನಿಲ್ಲುತ್ತದೆ. ಗಾಯಕರ ದನಿ ಕರ್ಕಶವಾಗುವುದಿಲ್ಲ, ತಬಲಾದ ಡಗ್ಗಾ ಬಡವಾಗುವುದಿಲ್ಲ. ಇದಕ್ಕೆ ಮದ್ದು ಸ್ಟ್ರೀಮರಿಗೆ ನೇರವಾಗಿ ಒಂದು ಸಾಧಾರಣ ಕೇಬಲ್ ಎಳೆಯುವುದು, ಆಗದಿದ್ದರೆ 5 ಗಿಗಾಹರ್ಟ್ಸ್ ವೈಫೈಗೆ ಹಾಕುವುದು. ಅಲ್ಲಿಗೆ ನೆಟ್‌ವರ್ಕಿನ ಕೆಲಸ ಮುಗಿಯಿತು.

ನನ್ನ ಕಿವಿಗೆ ಕೇಳಿಸುತ್ತದಲ್ಲ, ಪ್ರತ್ಯಕ್ಷಕ್ಕಿಂತ ದೊಡ್ಡ ಪ್ರಮಾಣ ಯಾವುದು ಎಂಬ ಆಕ್ಷೇಪವನ್ನು ಹಗುರವಾಗಿ ಕಾಣಬಾರದು. ಸಂಗೀತದ ವಿಷಯದಲ್ಲಿ ಕಿವಿಯನ್ನು ನಂಬದೆ ಇನ್ನಾವುದನ್ನು ನಂಬುವುದು? ಆದರೆ ನ್ಯಾಯಸೂತ್ರ ಪ್ರತ್ಯಕ್ಷದ ಲಕ್ಷಣ ಹೇಳುವಾಗ ಇಂದ್ರಿಯ ಮತ್ತು ವಿಷಯದ ಸಂಪರ್ಕದಿಂದ ಹುಟ್ಟಿದ್ದು ಎಂದಷ್ಟಕ್ಕೆ ನಿಲ್ಲಿಸುವುದಿಲ್ಲ, ಅದು ಅವ್ಯಭಿಚಾರಿಯೂ, ಅಂದರೆ ಸುಳ್ಳಾಗದ್ದೂ, ಆಗಿರಬೇಕು ಎಂದು ಸೇರಿಸುತ್ತದೆ. ಮರಳುಗಾಡಿನಲ್ಲಿ ನೀರು ಕಂಡದ್ದೂ ಕಣ್ಣಿಗೇ, ಆದರೂ ಅದು ಪ್ರಮಾಣವಲ್ಲ. ಕೇಳುವಾಗ ಇಂಥ ವ್ಯಭಿಚಾರಕ್ಕೆ ದಾರಿಗಳು ಹಲವು. ಧ್ವನಿ ತುಸುವೇ ಜೋರಾದರೂ ಅದು ಜೋರು ಎಂದು ತೋರದೆ ಚೆನ್ನಾಗಿದೆ ಎಂದು ತೋರುತ್ತದೆ. ಯಾವುದಕ್ಕೆ ಹೆಚ್ಚು ಹಣ ಕೊಟ್ಟಿದ್ದೇವೆ ಎಂಬುದು ತಿಳಿದಿದ್ದರೆ ಮನಸ್ಸು ಅತ್ತ ವಾಲುತ್ತದೆ. ಆದ್ದರಿಂದ ಧ್ವನಿಮಟ್ಟ ಸಮ ಮಾಡಿ, ಯಾವುದು ಯಾವುದೆಂದು ತಿಳಿಸದೆ ಕೇಳಿಸುವ ಪರೀಕ್ಷೆ ಬೇಕಾಗುತ್ತದೆ. ಅದು ಕಿವಿಗೆ ಮಾಡುವ ಅವಮಾನವಲ್ಲ, ಅವ್ಯಭಿಚಾರಿ ಎಂಬ ಷರತ್ತನ್ನು ಪೂರೈಸುವ ಬಗೆ. ಬ್ರ್ಯಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿ.ಡಿ.ಗಿಂತ ಸೂಕ್ಷ್ಮವಾದ ಹೈ-ರೆಸ್ ಮುದ್ರಣವನ್ನೂ, ಅದನ್ನೇ ಸಿ.ಡಿ. ಮಟ್ಟಕ್ಕೆ ಇಳಿಸಿದ್ದನ್ನೂ 500ಕ್ಕೂ ಹೆಚ್ಚು ಸಲ ಕೇಳಿಸಿದಾಗ ಸರಿಯುತ್ತರ ಬಂದದ್ದು ಸುಮಾರು ಅರ್ಧದಷ್ಟು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಜೋಶುವಾ ರೈಸ್ ಇಂಥ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಅರ್ಧಕ್ಕಿಂತ ತುಸು ಮೇಲೆ ಬಂತು, ತರಬೇತಿ ಪಡೆದ ಕೇಳುಗರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ವ್ಯತ್ಯಾಸ ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಇದ್ದರೆ ಅದು ಬಹಳ ಸಣ್ಣದು, ಅದೂ ಎರಡು ಬೇರೆ ಕಡತಗಳ ನಡುವಿನದು. ಒಂದೇ ಕಡತ ಎರಡು ಕೇಬಲ್‌ಗಳಲ್ಲಿ ಬಂದರೆ ಹೋಲಿಸಲು ಎರಡು ವಸ್ತುಗಳೇ ಇಲ್ಲ.

ಇನ್ನೆರಡು ಆಕ್ಷೇಪಗಳಲ್ಲಿ ಸತ್ಯಾಂಶ ಇದೆ. ಮೊದಲನೆಯದು: ಕೇಬಲಿನ ಲೋಹದ ಕವಚದ ಮೂಲಕ ವಿದ್ಯುತ್ ಗದ್ದಲ ಡ್ಯಾಕ್ ತನಕ ಬರಬಹುದು. ಹೌದು, ಬರಬಹುದು, ಆದರೆ ಅದು ಬಿಟ್‌ಗಳ ದಾರಿಯಲ್ಲ, ಅಳೆಯಬೇಕಾದದ್ದು ಡ್ಯಾಕಿನ ಹೊರಹರಿವನ್ನು, ಮತ್ತು ಈಥರ್ನೆಟ್ ಜೋಡಣೆಯೊಳಗೇ ಇರುವ ಪುಟ್ಟ ಟ್ರಾನ್ಸ್‌ಫಾರ್ಮರುಗಳು ಸಂಕೇತದ ತಂತಿಗಳ ಮೂಲಕ ಬರುವ ಗದ್ದಲವನ್ನು ಬಹುಮಟ್ಟಿಗೆ ತಡೆಯುತ್ತವೆ. ಕವಚವಿಲ್ಲದ ಅಗ್ಗದ ಕೇಬಲ್ ಹಾಕಿದರೆ ಕವಚದ ಚಿಂತೆಯೂ ಇರುವುದಿಲ್ಲ. ಎರಡನೆಯದು ಹೆಚ್ಚು ಗಂಭೀರ: ಸಂಪರ್ಕ ನಿಧಾನವಾದಾಗ ಕೆಲವು ಸೇವೆಗಳು ಹೇಳದೆ ಕೇಳದೆ ಕೆಳಮಟ್ಟದ ಕಡತಕ್ಕೆ ಇಳಿಯುತ್ತವೆ, ಬ್ಲೂಟೂತಿನಲ್ಲಿ ಕಳಿಸಿದರೆ ಹಾಡು ಸಾಮಾನ್ಯವಾಗಿ ಅಂಕಿಗಳನ್ನು ಕಳೆದುಕೊಂಡು ಇನ್ನೊಮ್ಮೆ ಒತ್ತಿಸಿಕೊಳ್ಳುತ್ತದೆ. ಇಲ್ಲಿ ಜವಾರಿ ನಿಜವಾಗಿಯೂ ಕೆಡಬಹುದು. ಆದರೆ ಆಗ ಬಂದದ್ದು ಬೇರೆಯೇ ಅಂಕಿಗಳ ಸಾಲು. ಆ್ಯಪಿನಲ್ಲಿ ಗುಣಮಟ್ಟ ತಾನಾಗಿ ಬದಲಾಗದಂತೆ ಲಾಸ್‌ಲೆಸ್‌ಗೆ ಕಟ್ಟಿಹಾಕಿ, ಬ್ಲೂಟೂತ್ ಬಿಟ್ಟು ನೆಟ್‌ವರ್ಕಿನಲ್ಲೇ ಸ್ಟ್ರೀಮರಿಗೆ ತರಿಸಿಕೊಂಡರೆ ಈ ದೋಷ ತೀರುತ್ತದೆ.

ಸ್ಪೀಕರಿನ ಕೋನ್ ಅಲುಗಿದ ಕ್ಷಣದಿಂದ ನೈಯಾಯಿಕರ ರಾಜ್ಯ. ಈಗ ಶಬ್ದ ಹುಟ್ಟುತ್ತದೆ, ಅಲೆಯಿಂದ ಅಲೆಯಾಗಿ ಹಬ್ಬುತ್ತದೆ, ಗೋಡೆಗೆ ಬಡಿದು ಮರಳುತ್ತದೆ, ಅಳಿಯುತ್ತದೆ. ಒಂದೇ ಮನೆಯಲ್ಲಿ ಒಂದೇ ಹಾಡು ಎರಡು ಕುರ್ಚಿಗಳಿಗೆ ಒಂದೇ ಆಗಿರುವುದಿಲ್ಲ. ನಾಲ್ಕು ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 43 ಹರ್ಟ್ಸ್‌ನ ಬಳಿ ಶಬ್ದ ಗೋಡೆಗಳ ನಡುವೆ ನಿಂತ ಅಲೆಯಾಗುತ್ತದೆ: ಗೋಡೆಗೆ ಒರಗಿ ಕೂತವರಿಗೆ ಮಂದ್ರ ಗುಮ್ಮೆನ್ನುತ್ತದೆ, ನಟ್ಟನಡುವೆ ಕೂತವರಿಗೆ ಅದೇ ಸ್ವರ ಇಲ್ಲವೆನ್ನಿಸುತ್ತದೆ. ಈ ವ್ಯತ್ಯಾಸ ಹತ್ತು ಡೆಸಿಬಲ್ ದಾಟುವುದು ಅಪರೂಪವಲ್ಲ. ಟೈಲ್ಸ್ ನೆಲ, ಬರಿ ಗೋಡೆ, ಆರ್‌ಸಿಸಿ ಚಾವಣಿ ಇರುವ ನಮ್ಮ ಹಾಲ್‌ಗಳಲ್ಲಿ ತಬಲಾದ ಒಂದು ಬೋಲ್ ಅಳಿಯುವ ಮೊದಲೇ ಮುಂದಿನದು ಬಂದು ಅದರ ಮೇಲೆ ಕೂರುತ್ತದೆ. ದಪ್ಪ ಜಮಖಾನೆ, ತುಂಬಿದ ಪುಸ್ತಕದ ಕಪಾಟು, ಭಾರದ ಪರದೆ ಇಲ್ಲಿ ಮಾಡುವ ಉಪಕಾರವನ್ನು ಯಾವ ಸ್ವಿಚ್ಚೂ ಮಾಡಲಾರದು. ಸಾಗಿಸುವ ಕೆಲಸಕ್ಕೆ ಸರಿ ಅಥವಾ ತಪ್ಪು ಎಂಬ ಖಚಿತ ಉತ್ತರವಿದೆ, ಆದ್ದರಿಂದ ಅದಕ್ಕೊಂದು ಕೊನೆಯೂ ಇದೆ. ವ್ಯಕ್ತವಾಗಿಸುವ ಕೆಲಸಕ್ಕೆ ಅಂಥ ಕೊನೆ ಇಲ್ಲ. ಮುಗಿದ ಕೆಲಸದ ಮೇಲೆ ಮತ್ತೆ ಮತ್ತೆ ಹಣ ಹಾಕಿ, ಮುಗಿಯದ ಕೆಲಸವನ್ನು ಮುಟ್ಟದೇ ಬಿಡುವುದು ನನಗೆ ನೋವಿನ ಸಂಗತಿ.

ಹಾಗಾದರೆ ಬೆಳಿಗ್ಗೆ ಸ್ಪೀಕರಿನಲ್ಲಿ ಬರುವ ಸುಪ್ರಭಾತಕ್ಕೆ, ವೇದಘೋಷಕ್ಕೆ ಏನು ಬೆಲೆ? ಒಂದು ಬಿಟ್ಟೂ ತಪ್ಪದೆ ಬಂದಿದ್ದರೆ ಅದು ಗುರುಮುಖದಿಂದ ಬಂದದ್ದಕ್ಕೆ ಸಮವಲ್ಲವೇ ಎಂದು ಯಾರಾದರೂ ಕೇಳಬಹುದು. ಸಮವಲ್ಲ. ಯಂತ್ರದ ಶಬ್ದ ಅಪವಿತ್ರ ಎಂಬುದು ಇದಕ್ಕೆ ಕಾರಣವಲ್ಲ. ಸರ್ವರ್ ಮತ್ತು ಸ್ಟ್ರೀಮರ್ ನಡುವೆ ಮರುದಾರಿ ಇದೆ: ಬಂತು, ಬರಲಿಲ್ಲ, ಮತ್ತೆ ಕಳಿಸು ಎಂಬ ಮಾತುಕತೆ ಎಡೆಬಿಡದೆ ನಡೆಯುತ್ತದೆ. ಅಧ್ಯಯನದಲ್ಲೂ ಅದೇ ಇದೆ. ಗುರು ಹೇಳುತ್ತಾನೆ, ಶಿಷ್ಯ ಮರಳಿ ಹೇಳುತ್ತಾನೆ, ಉದಾತ್ತ ಸ್ವರ ಅನುದಾತ್ತವಾಗಿ ಜಾರಿದರೆ ಗುರು ತಡೆದು ಮತ್ತೆ ಹೇಳಿಸುತ್ತಾನೆ. ಸ್ಪೀಕರಿನಿಂದ ಮನಸ್ಸಿನವರೆಗಿನ ಕೆಲವು ಅಡಿಗಳಲ್ಲಿ ಮಾತ್ರ ಈ ಮರುದಾರಿ ಇಲ್ಲ. ಅಲ್ಲಿ ತಪ್ಪಿಹೋದದ್ದನ್ನು ತಪ್ಪಿತೆಂದು ಸ್ಪೀಕರಿಗೆ ತಿಳಿಸುವವರಿಲ್ಲ. ಸಂಗೀತ ಕಚೇರಿಯಲ್ಲಿ ಮುಂದಿನ ಸಾಲಿನ ರಸಿಕರು ತಲೆದೂಗಿದ್ದನ್ನು ಕಂಡು ಗಾಯಕರು ಅದೇ ಸಂಗತಿಯನ್ನು ಇನ್ನೊಮ್ಮೆ ಹಾಡುವುದಿದೆ. ಮುದ್ರಣ ಹಾಗೆ ತಿರುಗಿ ನೋಡುವುದಿಲ್ಲ. ಆದ್ದರಿಂದ ವೇದ ಕಲಿಯಲು ಸ್ಟ್ರೀಮಿಂಗ್ ಸಾಲದು. ಆದರೆ ಭಾಗವತ ಎಣಿಸುವ ಒಂಬತ್ತು ಬಗೆಯ ಭಕ್ತಿಯಲ್ಲಿ ಮೊದಲನೆಯದಾದ ಶ್ರವಣಕ್ಕೆ ಈ ತಿದ್ದುವಿಕೆಯ ನಿಬಂಧನೆ ಇಲ್ಲ. ಅದಕ್ಕೆ ಬೇಕಾದದ್ದು ಸ್ತೋತ್ರದ ಅಕ್ಷರಗಳು ಒಂದರ ಮೇಲೊಂದು ಕೂರದೆ ಕಿವಿಗೆ ಬೀಳುವುದು, ಮತ್ತು ಆ ಹೊತ್ತಿಗೆ ಕಿವಿ ಬೇರೆಲ್ಲೂ ಇರದಿರುವುದು. ಮೊದಲನೆಯದಕ್ಕೆ ಸಿ.ಡಿ. ಮಟ್ಟದ ಕಡತ, ಗಟ್ಟಿಯಾಗಿ ಕೂತ ಒಂದು ಸಾಧಾರಣ ಕೇಬಲ್, ಮೂಲೆಯಿಂದ ಈಚೆಗೆ ಎಳೆದ ಸ್ಪೀಕರು, ನೆಲಕ್ಕೊಂದು ಜಮಖಾನೆ ಸಾಕು. ಎರಡನೆಯದನ್ನು ಮನೆಯವರೇ ಒದಗಿಸಬೇಕು.