ಬದುಕಿದ್ದೇನೆ ಎಂಬುದಕ್ಕೆ ಸಾಕ್ಷಿ

ಸರ್ಕಾರಿ ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ, ಹೆಚ್ಚಿನವರು ನವೆಂಬರ್‌ನಲ್ಲಿ, ತಾವು ಬದುಕಿರುವುದನ್ನು ರುಜುವಾತು ಮಾಡಬೇಕು. ಈ ಕೆಲಸ ಹಗುರಾಗಲೆಂದು 2014ರಲ್ಲಿ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ಪ್ರಮಾಣಪತ್ರ ಬಂತು. ಆಧಾರ್ ಸಂಖ್ಯೆ ಕೊಟ್ಟು ಬೆರಳು ಒತ್ತಿದರೆ ಮುಗಿಯಿತು. ಬ್ಯಾಂಕಿನ ಸಾಲಿನಲ್ಲಿ ನಿಲ್ಲಲಾರದವರಿಗೆ ಇದು ನಿಜಕ್ಕೂ ಉಪಕಾರ.

ಆದರೆ ಬೆರಳಿಗೂ ವಯಸ್ಸಾಗುತ್ತದೆ.

ಚರ್ಮ ಒಣಗಿ ಗೆರೆಗಳು ಮಾಸುತ್ತವೆ. ಪಾತ್ರೆ ತಿಕ್ಕಿದ, ಇಟ್ಟಿಗೆ ಹೊತ್ತ ಕೈಗಳಲ್ಲಿ ಇನ್ನೂ ಬೇಗ. ಹೆಬ್ಬೆರಳನ್ನು ಸೆರಗಿಗೆ ಒರೆಸಿ ಒತ್ತುತ್ತಾರೆ, ಆಗುವುದಿಲ್ಲ. ಒದ್ದೆ ಮಾಡಿ ಒತ್ತುತ್ತಾರೆ. ‘ಇನ್ನೊಂದ್ಸಲ ಇಡಿ ಅಜ್ಜಿ’ ಎನ್ನುತ್ತಾನೆ ಎದುರು ಕೂತ ಹುಡುಗ. ದುಡಿದು ಸವೆದ ಬೆರಳು ದುಡಿದವರ ವಿರುದ್ಧವೇ ಸಾಕ್ಷಿ ಹೇಳುತ್ತದೆ. 2021ರಲ್ಲಿ ಮುಖ ಗುರುತಿಸುವ ವ್ಯವಸ್ಥೆ ಬಂತು. ಅದಕ್ಕೆ ಒಳ್ಳೆಯ ಫೋನು ಬೇಕು, ಫೋನು ಹಿಡಿಯುವವರೂ ಬೇಕು.

ಹಾಗಾದರೆ ಯಾರು ಯಾರಿಗೆ ಹೊಂದಿಕೊಳ್ಳಬೇಕು? ‘ಹಿರಿಯರಿಗೆ ಮೊಬೈಲ್ ಕಲಿಸಿ’ ಎಂಬ ಉತ್ತರ ಸಿದ್ಧವಾಗಿದೆ. ಕಲಿಸೋಣ. ಆದರೆ ಶತಪಥ ಬ್ರಾಹ್ಮಣವೆಂಬ ವೈದಿಕ ಗ್ರಂಥ ಈ ಲೆಕ್ಕವನ್ನು ಬೇರೆ ಬಗೆಯಲ್ಲಿ ಬರೆದಿದೆ. ಇರುವವರೆಲ್ಲರೂ ಹುಟ್ಟುತ್ತಲೇ ಸಾಲಗಾರರು ಎನ್ನುತ್ತದೆ ಅದು: ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ, ಕೊನೆಗೆ ಸಹಮನುಷ್ಯರಿಗೆ. ಈ ನಾಲ್ಕನೆಯ ಋಣ ತೀರುವುದು ಅನ್ನ, ಆಸರೆ ಕೊಡುವುದರಿಂದ. ಸಾಲ ಕೊಟ್ಟವರಿಗೆ ಒಟಿಪಿ ಒತ್ತಲು ಬರುತ್ತದೆಯೇ ಎಂದು ವಿಚಾರಿಸಿ ಸಾಲ ತೀರಿಸುವುದುಂಟೇ? ಹೀಗೆ ನೋಡಿದರೆ ಮುದುಕರಿಗೆ ಒಗ್ಗುವ ಯಂತ್ರ ಕಟ್ಟುವುದು ದಯೆಯ ಮಾತಲ್ಲ, ಬಾಕಿಯ ಮಾತು.

ಕಾನೂನೂ ತಡವಾಗಿ ಇಲ್ಲಿಗೇ ಬಂದಿದೆ. ಆಧಾರ್ ಅನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗ ಅವರಿಗೆ 86 ವರ್ಷ. ಗುರುತು ತಾಳೆಯಾಗಲಿಲ್ಲವೆಂದು ಸವಲತ್ತು ತಪ್ಪಬಾರದು ಎಂದು 2018ರ ತೀರ್ಪು ಹೇಳಿತು. 2025ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಆಸಿಡ್ ದಾಳಿಯಿಂದ ಕಣ್ಣು ಮಿಟುಕಿಸಲಾಗದ ಮಹಿಳೆಯೊಬ್ಬರು ಬ್ಯಾಂಕ್ ಖಾತೆ ತೆರೆಯಲು ಹೋದಾಗ, ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕೆಂಬ ನಿಯಮ ಅವರನ್ನು ತಡೆದಿತ್ತು. ಅಂಥವರಿಗೆ ಬೇರೆ ದಾರಿ ಇರಲೇಬೇಕು, ಡಿಜಿಟಲ್ ಸೇವೆ ಕೈಗೆಟಕುವುದು ಜೀವಿಸುವ ಹಕ್ಕಿನ ಭಾಗ ಎಂದಿತು ಪೀಠ.

ಆ್ಯಪ್ ಕಟ್ಟುವವರು ಹಿರಿಯರಿಗೆ ಬೇಕಾದಷ್ಟು ಸಮಯ ಕೊಡಲಿ, ಕನ್ನಡದಲ್ಲಿ ಮಾತಾಡಿಸಲಿ. ಕಾಗದದ ಜೀವನ ಪ್ರಮಾಣಪತ್ರ ಬ್ಯಾಂಕಿನಲ್ಲಿ ಈಗಲೂ ನಡೆಯುತ್ತದೆ. ಆ ಬಾಗಿಲನ್ನು ಯಾರೂ ಮುಚ್ಚದಿರಲಿ.